ಬ್ಯಾಚ್ ಮುಂದೆ ಹೋಗುತ್ತದೆ, ಬ್ಲಾಗ್ ಏನಾಗಬೇಕು?

ಮಕ್ಕಳ ಕೈಯಲ್ಲಿ ಬ್ಲಾಗ್ ಬರೆಸುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆ ಮುಗಿದು, ಆ ಮಕ್ಕಳು ಮುಂದಿನ ತರಗತಿಗೆ ಹೋಗಿ, ಅದೇ ಬೆಂಚುಗಳಲ್ಲಿ ಹೊಸಬರು ಬಂದು ಕೂತ ಮೇಲೆ ಹಳೆಯ ಬ್ಲಾಗುಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಮಾತ್ರ ಸುತ್ತಮುತ್ತ ಯಾರೂ ಕಾಣುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ವರ್ಷ ವರ್ಷ ಬ್ಲಾಗ್ ಬರೆಸುತ್ತ ಬಂದಿದ್ದೇನೆ. ಬರೆಸುವುದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಈ ವರ್ಷಾಂತ್ಯದ ಕೆಲಸವೇ. ಈಗ ನಾನು ಇದನ್ನು ವರ್ಷದ ಮೊದಲ ವಾರದಲ್ಲೇ ತೀರ್ಮಾನಿಸಿಬಿಡುತ್ತೇನೆ: ಈ ಬರಹ ಕೊನೆಗೆ ಯಾರ ಕೈ ಸೇರುತ್ತದೆ ಎಂದು ಗೊತ್ತಾಗದೆ ಒಂದು ಮಗುವಿಗೂ ಲಾಗಿನ್ ಕೊಡುವುದಿಲ್ಲ.

ಮೊದಲ ವರ್ಷ ಇಡೀ ತರಗತಿಗೆ ಒಂದೇ ಬ್ಲಾಗ್ ಇತ್ತು, ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ. ಅಲ್ಲಿ ಒಬ್ಬೊಬ್ಬ ಬಳಕೆದಾರರಿಗೂ ಒಂದು ಪಾತ್ರ ಕೊಡಬೇಕು. ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಎಂದು ಮೇಲಿನಿಂದ ಕೆಳಗೆ ಐದು ಮೆಟ್ಟಿಲು. ಮಕ್ಕಳನ್ನು ಕಾಂಟ್ರಿಬ್ಯೂಟರ್ ಮಾಡಿದೆ. ಕಾಂಟ್ರಿಬ್ಯೂಟರ್ ಬರೆಯಬಹುದು, ಪ್ರಕಟಿಸುವಂತಿಲ್ಲ. ಆ ಗುಂಡಿ ನನ್ನ ಕೈಯಲ್ಲೇ ಇರುತ್ತದೆ. ಸುರಕ್ಷಿತವೇ, ಅನುಮಾನವಿಲ್ಲ. ಆದರೆ ಆ ಪಾತ್ರದವರು ಚಿತ್ರ ಕೂಡ ಏರಿಸುವಂತಿಲ್ಲ ಎನ್ನುವುದು ಕೆಲಸಕ್ಕೆ ಇಳಿದ ಮೇಲೇ ಅರ್ಥವಾಗುವುದು. ಚಿತ್ರಗಳೆಲ್ಲ ನನ್ನ ಫೋನಿಗೆ ಬರತೊಡಗಿದವು. ಮಗು ಸೋಮವಾರ ಬರೆದದ್ದು ನಾನು ನೋಡಿ ಬಿಡುವ ಹೊತ್ತಿಗೆ ಶುಕ್ರವಾರ. ಅಷ್ಟರಲ್ಲಿ ಬರೆದ ಬಿಸಿ ಆರಿರುತ್ತದೆ, ಓದಬೇಕಾದ ಗೆಳೆಯರಿಗೂ ವಿಷಯ ಹಳತಾಗಿರುತ್ತದೆ. ಹೀಗಾಗಿ ಒಂಬತ್ತನೇ ತರಗತಿಯವರನ್ನು ಆಥರ್ ಪಾತ್ರಕ್ಕೆ ಏರಿಸಿದೆ. ಅವರು ತಾವೇ ಪ್ರಕಟಿಸುತ್ತಾರೆ, ನಾನು ಅದೇ ದಿನ ಸಂಜೆ ಓದುತ್ತೇನೆ. ಮೊದಲು ಅನುಮತಿ ಕೊಡುವುದಕ್ಕಿಂತ ಆಮೇಲೆ ತಪ್ಪದೆ ಓದುವುದೇ ಈ ವಯಸ್ಸಿನವರಿಗೆ ಒಳ್ಳೆಯ ಕಾವಲು. ಅವರಿಗಿಂತ ಚಿಕ್ಕ ಮಕ್ಕಳಿಗೆ ಈ ಮಾತು ಹೇಳಲಾರೆ.

ವರ್ಷ ಮುಗಿಯಿತು. ಹಳಬರ ಹೆಸರುಗಳನ್ನು ಪಟ್ಟಿಯಿಂದ ತೆಗೆಯೋಣವೆಂದು ಒಬ್ಬಳ ಹೆಸರಿನ ಮುಂದಿದ್ದ ಡಿಲೀಟ್ ಒತ್ತಿದರೆ ವರ್ಡ್‌ಪ್ರೆಸ್ ಒಂದು ಪ್ರಶ್ನೆ ಕೇಳುತ್ತದೆ: ಇವಳು ಬರೆದದ್ದನ್ನೆಲ್ಲ ಅಳಿಸಲೋ, ಬೇರೆಯವರ ಹೆಸರಿಗೆ ಬರೆಯಲೋ? ಬೇರೆಯವರು ಅಂದರೆ ನಾನು. ನಲವತ್ತು ಚಿಲ್ಲರೆ ಮಕ್ಕಳ ಕವಿತೆ, ಜಗಳ, ಪ್ರವಾಸಕಥನಕ್ಕೆಲ್ಲ ಒಂದೇ ಏಟಿಗೆ ನಾನೇ ಲೇಖಕಿಯಾಗುವ ಯೋಗ! ಎರಡೂ ಬೇಡ ಅನ್ನುವವರಿಗೆ ದಾರಿ ಬೇರೆ ಕಡೆ ಇದೆ. ಯಾರನ್ನೂ ಅಳಿಸಬೇಕಾಗಿಲ್ಲ. ಬಳಕೆದಾರರ ಪಟ್ಟಿಯಲ್ಲಿ ಹಳೆಯ ಬ್ಯಾಚನ್ನೆಲ್ಲ ಆಯ್ದು ಪಾತ್ರವನ್ನು ಸಬ್‌ಸ್ಕ್ರೈಬರ್‌ಗೆ ಇಳಿಸಿದರೆ ಆಯಿತು. ಬರಹದ ಮೇಲೆ ಅವರ ಹೆಸರು ಹಾಗೇ ಉಳಿಯುತ್ತದೆ, ಹೊಸದಾಗಿ ಬರೆಯಲು ಬರುವುದಿಲ್ಲ, ಆದರೆ ಲಾಗಿನ್ ಆಗಿ ಕಾಮೆಂಟ್ ಹಾಕಬಹುದು. ಈ ಕೊನೆಯ ಸಂಗತಿ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಪೋಸ್ಟುಗಳಿಗೆ ಬ್ಯಾಚಿನ ವರ್ಷವನ್ನು ಒಂದು ಟ್ಯಾಗ್ ಆಗಿ ಅಂಟಿಸಿಟ್ಟರೆ ಹುಡುಕುವುದೂ ಸುಲಭ.

ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಬ್ಲಾಗ್ ಮಾಡಿಕೊಡುವ ಪದ್ಧತಿಗೆ ಬಂದೆ. ತರಗತಿಯ ಬ್ಲಾಗಿನಲ್ಲಿ ಮಗು ಬರೆಯುವುದು ನನಗೋಸ್ಕರ. ತನ್ನದೇ ಆದ ಬ್ಲಾಗಿನಲ್ಲಿ ಮೊದಲ ವಾರ ಇಡೀ ಬಣ್ಣ ಬದಲಾಯಿಸುತ್ತ ಕೂರುತ್ತದೆ, ನಂತರ ನಾನು ಕೇಳದೇ ಇದ್ದದ್ದನ್ನೂ ಬರೆಯುತ್ತದೆ. ಬಣ್ಣ ಬದಲಾಯಿಸುವುದಕ್ಕೆ ನಾನು ಅಡ್ಡ ಬರುವುದಿಲ್ಲ. ಹಳದಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇಟ್ಟವನಿಗೆ ಗೆಳೆಯರೇ ಬುದ್ಧಿ ಹೇಳುತ್ತಾರೆ.

ವಿಳಾಸ ಕೊಡುವಾಗ ಮಾತ್ರ ನಾನು ಬಿಗಿ. ತರಗತಿ, ಸೆಕ್ಷನ್, ವರ್ಷ, ಶಾಲೆಯ ಹೆಸರು ಯಾವುದೂ ವಿಳಾಸದಲ್ಲಿ ಇರಕೂಡದು. ಬ್ಲಾಗಿನ ಶೀರ್ಷಿಕೆಯನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು; ವಿಳಾಸ ಬದಲಾಯಿಸಿದರೆ ಅಲ್ಲಿಯವರೆಗೆ ಬೇರೆಯವರು ಕೊಟ್ಟ ಲಿಂಕುಗಳೆಲ್ಲ ಸತ್ತವು. ‘ಎಂಟನೇ ಬಿ’ ಎಂದು ವಿಳಾಸದಲ್ಲಿ ಹೊತ್ತ ಬ್ಲಾಗನ್ನು ಹತ್ತನೇ ತರಗತಿಯ ಹುಡುಗ ತನ್ನದು ಎಂದು ಯಾರಿಗೂ ತೋರಿಸುವುದಿಲ್ಲ. ಮಗುವಿನ ಪೂರ್ತಿ ಹೆಸರೂ ಬೇಡ. ಒಂದು ಅಡ್ಡಹೆಸರೋ ಇಷ್ಟದ ಪದವೋ ಸಾಕು. ಯಾರ ಬ್ಲಾಗ್ ಯಾವುದು ಎಂಬ ಪಟ್ಟಿ ನನ್ನ ಬಳಿ ಎಕ್ಸೆಲ್ ಶೀಟಿನಲ್ಲಿ ಇರುತ್ತದೆ.

ಕನ್ನಡದಲ್ಲಿ ಬರೆಸುವವರಿಗೆ ವಿಳಾಸದ ವಿಷಯದಲ್ಲಿ ಇನ್ನೊಂದು ಫಜೀತಿ ಇದೆ. ಪೋಸ್ಟಿನ ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದನ್ನೇ ವಿಳಾಸದ ಬಾಲವಾಗಿ ಬಳಸುತ್ತದೆ. ಆದರೆ ಒಳಗೆ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರಗಳ ಒಂಬತ್ತು ಗುರುತುಗಳಾಗಿ ಬದಲಾಗುತ್ತದೆ. ಬಾಲಕ್ಕೆ ಇರುವ ಮಿತಿ 200 ಗುರುತು. ಅಂದರೆ 22 ಸಂಕೇತ, ಅದರಲ್ಲೂ ಗುಣಿತದ ಚಿಹ್ನೆ, ಒತ್ತಕ್ಷರದ ಒಳಗಿನ ಹಲಂತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಹತ್ತು ಹನ್ನೆರಡು ಅಕ್ಷರ ಆಗುವಷ್ಟರಲ್ಲಿ ಶೀರ್ಷಿಕೆಯ ಕುತ್ತಿಗೆ ಕತ್ತರಿಸಿಹೋಗಿರುತ್ತದೆ. ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆಗೆ ಸಿಗುವುದು ‘ಬ್ಲಾಗ್-ಪೋಸ್ಟ್’ ಎಂಬ ಒಂದೇ ಹೆಸರು, ಅದರ ಕೊನೆಗೆ ಒಂದು ಅಂಕಿ. ಬರೆಯುವಾಗ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ವರ್ಷದ ಕೊನೆಗೆ ಒಳ್ಳೆಯ ಬರಹಗಳ ಸೂಚಿ ಮಾಡಹೊರಟಾಗ, ಮೆಸೇಜಿನಲ್ಲಿ ಕಳಿಸಿದ ಲಿಂಕ್ ಅರ್ಧಕ್ಕೆ ತುಂಡಾದಾಗ ಗೊತ್ತಾಗುತ್ತದೆ. ಪ್ರಕಟಿಸುವ ಮುಂಚೆ ಪರ್ಮಾಲಿಂಕ್ (ಪೋಸ್ಟಿನ ವಿಳಾಸ) ಜಾಗದಲ್ಲಿ ಎರಡು ಪದವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು ಎಂಬ ನಿಯಮ ಮಾಡಿದ್ದು ಇದಕ್ಕೇ. ಶೀರ್ಷಿಕೆ ಕನ್ನಡದಲ್ಲೇ ಇರುತ್ತದೆ, ಬಾಲ ಮಾತ್ರ ಚಿಕ್ಕದಾಗುತ್ತದೆ.

ಇಮೇಲ್ ವಿಳಾಸ ಇಲ್ಲದ ಮಕ್ಕಳಿಗೆ ಜಿಮೇಲ್‌ನ ಒಂದು ಅನುಕೂಲ ಬಳಸಿಕೊಳ್ಳುತ್ತೇನೆ. ನನ್ನ ವಿಳಾಸದಲ್ಲಿ ಆಟ್ ಚಿಹ್ನೆಗಿಂತ ಮೊದಲು ಪ್ಲಸ್ ಗುರುತು ಹಾಕಿ ಮಗುವಿನ ಅಡ್ಡಹೆಸರು ಸೇರಿಸಿದರೆ ಬ್ಲಾಗಿನ ಕಣ್ಣಿಗೆ ಅದು ಬೇರೆಯದೇ ವಿಳಾಸ, ಪತ್ರಗಳು ಬರುವುದು ನನ್ನ ಇನ್‌ಬಾಕ್ಸಿಗೇ. ಪಾಸ್‌ವರ್ಡ್ ಮರೆತವರಿಗೆ ತರಗತಿಯಲ್ಲೇ ರೀಸೆಟ್ ಮಾಡಿಕೊಡಬಹುದು. ಆದರೆ ಇದು ವರ್ಷಕ್ಕಷ್ಟೇ ಸರಿ. ನನ್ನ ಇಮೇಲಿಗೆ ಕಟ್ಟಿದ ಬ್ಲಾಗು ಕೊನೆಗೂ ನನ್ನದೇ ಬ್ಲಾಗು.

ಒಪ್ಪಿಗೆ ಪತ್ರದ ವಿಷಯಕ್ಕೆ ಬರುತ್ತೇನೆ. ಬಹಳಷ್ಟು ಇಂಟರ್ನೆಟ್ ಸೇವೆಗಳಲ್ಲಿ ಹದಿಮೂರು ವರ್ಷ ಎಂಬ ಗೆರೆ ಕಾಣುವುದಕ್ಕೆ ಕಾರಣ ಅಮೆರಿಕದ 1998ರ ಮಕ್ಕಳ ಆನ್‌ಲೈನ್ ಗೌಪ್ಯತಾ ಕಾಯ್ದೆ. ಜಾರಿಗೆ ಬಂದದ್ದು 2000ದ ಏಪ್ರಿಲ್‌ನಲ್ಲಿ. ಯುರೋಪಿನ ನಿಯಮದಲ್ಲಿ ಆ ಗೆರೆ ಹದಿನಾರು, ದೇಶಗಳು ಬೇಕಾದರೆ ಹದಿಮೂರರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಕಾನೂನು ಎಲ್ಲಿ ಗೆರೆ ಎಳೆದಿದ್ದರೂ ನನ್ನ ಪದ್ಧತಿ ಒಂದೇ: ಪೋಷಕರ ಸಹಿ, ಅದರ ಕೆಳಗೆ ಮಗುವಿನ ಸಹಿ, ಪ್ರತಿ ವರ್ಷ ಹೊಸದಾಗಿ. ಎಂಟನೇ ತರಗತಿಯಲ್ಲಿ ಕೊಟ್ಟ ಒಪ್ಪಿಗೆ ಒಂಬತ್ತಕ್ಕೆ ನಡೆಯುವುದಿಲ್ಲ. ಮಗು ಬೆಳೆದಿರುತ್ತದೆ, ಅಪ್ಪ ಅಮ್ಮನ ಅಭಿಪ್ರಾಯವೂ ಬದಲಾಗಿರಬಹುದು. ಮುಖ ಕಾಣುವ ಚಿತ್ರ ಹಾಕುವುದಿಲ್ಲ, ಮೊದಲ ಹೆಸರು ಅಥವಾ ಅಡ್ಡಹೆಸರು ಮಾತ್ರ, ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಜಾಗದ ವಿವರ ಅಡಗಿರಬಹುದಾದ್ದರಿಂದ ಲೊಕೇಶನ್ ಆಫ್ ಮಾಡಿಯೇ ತೆಗೆಯಬೇಕು. ಇಷ್ಟೆಲ್ಲ ಮೇಲಿನ ಭಾಗದಲ್ಲಿ ಇರುತ್ತದೆ.

ಪತ್ರದ ಮುಖ್ಯ ಭಾಗ ಕೆಳಗಿದೆ. ವರ್ಷ ಮುಗಿದ ಮೇಲೆ ಈ ಬ್ಲಾಗ್ ಏನಾಗಬೇಕು? ಹೀಗೇ ತೆರೆದಿರಲಿ, ಮುಚ್ಚಿಡಿ ಆದರೆ ಅಳಿಸಬೇಡಿ, ನಮ್ಮ ಕೈಗೆ ಪ್ರತಿ ಕೊಟ್ಟು ಅಳಿಸಿ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ವರ್ಷದ ಆರಂಭದಲ್ಲಿ ಹಾಕಿದ ಗುರುತನ್ನು ಕೊನೆಯಲ್ಲಿ ಬದಲಾಯಿಸುವ ಅವಕಾಶವೂ ಉಂಟು. ಆರಂಭದಲ್ಲಿ ‘ಅಳಿಸಿ’ ಎಂದವರಲ್ಲಿ ಅನೇಕರು ಕೊನೆಗೆ ‘ಇರಲಿ ಬಿಡಿ’ ಎನ್ನುತ್ತಾರೆ. ಅದರ ಉಲ್ಟಾ ಆಗುವುದು ಅಪರೂಪ.

ಸರ್ಚ್ ಎಂಜಿನ್ನುಗಳಿಗೆ ಕಾಣದಂತೆ ಮಾಡುವ ಒಂದು ಟಿಕ್ ಗುರುತು ವರ್ಡ್‌ಪ್ರೆಸ್‌ನಲ್ಲಿದೆ. ಅದನ್ನು ಹಾಕಿದರೆ ಬ್ಲಾಗ್ ಗುಟ್ಟಾಗಿದೆ ಎಂದು ಸಹೋದ್ಯೋಗಿಗಳು ನಂಬುವುದನ್ನು ನೋಡಿದ್ದೇನೆ. ಅದು ಬರೀ ವಿನಂತಿ. ಲಿಂಕ್ ಗೊತ್ತಿದ್ದವರೆಲ್ಲ ಓದಬಹುದು, ವಿನಂತಿಯನ್ನು ಪಾಲಿಸುವುದು ಬಿಡುವುದು ಸರ್ಚ್ ಎಂಜಿನ್ನಿಗೆ ಬಿಟ್ಟದ್ದು. ಮುಚ್ಚಬೇಕೆಂದರೆ ನಿಜವಾಗಿಯೂ ಪ್ರೈವೇಟ್ ಮಾಡಬೇಕು.

ಇನ್ನು ಓದುವ ಕೆಲಸ. ನಲವತ್ತು ಬ್ಲಾಗುಗಳನ್ನು ಒಂದೊಂದಾಗಿ ತೆರೆದು ನೋಡುವುದು ಆಗುಹೋಗುವ ಮಾತಲ್ಲ. ವರ್ಡ್‌ಪ್ರೆಸ್ ಬ್ಲಾಗಿನ ವಿಳಾಸದ ಕೊನೆಗೆ ಒಂದು ಓರೆಗೆರೆ (/) ಹಾಕಿ ‘ಫೀಡ್’ (feed) ಎಂದು ಸೇರಿಸಿದರೆ ಅದರ ಆರ್‌ಎಸ್‌ಎಸ್, ಅಂದರೆ ಹೊಸ ಬರಹಗಳ ಪಟ್ಟಿ, ಸಿಗುತ್ತದೆ. ಇಂಥ ಪಟ್ಟಿಗಳನ್ನು ಒಂದೆಡೆ ತೋರಿಸುವ ಒಂದು ಫೀಡ್ ರೀಡರ್‌ಗೆ ಎಲ್ಲವನ್ನೂ ಹಾಕಿಟ್ಟರೆ ಹೊಸದು ಬಂದದ್ದು ಮಾತ್ರ ಕಾಣುತ್ತದೆ. ಕಾಮೆಂಟುಗಳಿಗೂ ಬೇರೆ ಫೀಡ್ ಇದೆ, ನಾನು ಮೊದಲು ತೆರೆಯುವುದು ಅದನ್ನೇ. ಪೋಸ್ಟಿನಲ್ಲಿ ಮಕ್ಕಳು ನನ್ನನ್ನು ನೆನಪಿಟ್ಟುಕೊಂಡು ಬರೆಯುತ್ತಾರೆ, ಕಾಮೆಂಟಿನಲ್ಲಿ ಮರೆತಿರುತ್ತಾರೆ. ಬ್ಯಾಚಿಗೊಂದು ಫೋಲ್ಡರ್ ಇಟ್ಟು, ವರ್ಷ ಮುಗಿದಾಗ ಆ ಫೋಲ್ಡರನ್ನು ಅಳಿಸದೆ ಕೆಳಕ್ಕೆ ಸರಿಸುತ್ತೇನೆ. ಮೂರು ವರ್ಷ ಸುಮ್ಮನಿದ್ದ ಬ್ಲಾಗೊಂದು ಯಾವುದೋ ಮಧ್ಯರಾತ್ರಿ ಒಂದು ಸಾಲು ಹೊಸದಾಗಿ ತೋರಿಸುವುದುಂಟು. ವಿಳಾಸಗಳ ಪಟ್ಟಿ ಮಾತ್ರ ರೀಡರ್‌ನ ಒಳಗೆ ಅಷ್ಟೇ ಇರಬಾರದು. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತುಹೋಯಿತು; ಇಂಥ ಸಾಧನಗಳಿಗೆ ಆಯುಷ್ಯ ಇಷ್ಟೇ ಎಂದು ಹೇಳಲಾಗದು. ಎಕ್ಸೆಲ್ ಶೀಟಿಗೆ ಆ ಭಯವಿಲ್ಲ.

ಎರಡನೆಯ ವರ್ಷ ನಾನು ಎಣಿಸಿದಂತೆಯೇ ಒಂದು ಸಂಗತಿ ಶುರುವಾಯಿತು: ನಕಲು. ಹಳೆಯ ಬ್ಯಾಚಿನ ಬರಹ ತೆರೆದೇ ಇದೆ, ಪಾಠ ಅದೇ, ಪ್ರಶ್ನೆಯೂ ಹೆಚ್ಚುಕಡಿಮೆ ಅದೇ. ಹುಡುಗನೊಬ್ಬ ಅಕ್ಕನ ಬ್ಲಾಗಿನಿಂದ ಪ್ರಬಂಧ ಎತ್ತಿ ಹಾಕಿದ್ದ. ಎಷ್ಟು ಶ್ರದ್ಧೆಯಿಂದ ಅಂದರೆ, ‘ನಾನು ಹುಡುಗಿಯಾಗಿ’ ಎಂಬ ವಾಕ್ಯವೂ ಹಾಗೇ ಇತ್ತು. ತರಗತಿ ನಕ್ಕಿತು, ಅವನೂ ನಕ್ಕ. ಇದೊಂದೇ ಕಾರಣಕ್ಕೆ ಪ್ರತಿ ವರ್ಷ ಹಳೆಯದನ್ನೆಲ್ಲ ಮುಚ್ಚಿಬಿಡುವ ಶಿಕ್ಷಕರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಾಗೆ ಮುಚ್ಚಿದರೆ ಪ್ರತಿ ಬ್ಯಾಚೂ ಖಾಲಿ ಕೋಣೆಯಲ್ಲಿ ಮಾತು ಶುರುಮಾಡಬೇಕಾಗುತ್ತದೆ. ಎರಡು ವರ್ಷ ದೊಡ್ಡವಳೊಬ್ಬಳು ಇದೇ ಪದ್ಯವನ್ನು ಓದಿ ಏನು ಅಂದುಕೊಂಡಳು ಎನ್ನುವುದಕ್ಕಿಂತ ಒಳ್ಳೆಯ ಪಾಠ ಸಾಮಗ್ರಿ ನನಗಂತೂ ಸಿಕ್ಕಿಲ್ಲ. ನನ್ನ ವಿವರಣೆಯನ್ನು ಮಕ್ಕಳು ಬರೆದುಕೊಳ್ಳುತ್ತಾರೆ. ಅವಳ ಮಾತಿಗೆ ಎದುರು ಹೇಳುತ್ತಾರೆ.

ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿದೆ. ಹೊಸ ಬ್ಯಾಚಿನ ಮೊದಲ ಬರಹ ಯಾವಾಗಲೂ ಹಳೆಯ ಬ್ಯಾಚಿನ ಒಂದು ಬರಹಕ್ಕೆ ಉತ್ತರ. ಒಂದನ್ನು ಆರಿಸಿಕೋ, ಅದರ ಲಿಂಕ್ ಕೊಡು, ಬರೆದವರು ಎಲ್ಲಿ ಸರಿ, ಎಲ್ಲಿ ನಿನಗೆ ಒಪ್ಪಿಗೆಯಿಲ್ಲ, ಅವರು ನೋಡದೇ ಬಿಟ್ಟದ್ದೇನು ಎಂದು ಬರೆ. ಹೀಗೆ ಕೇಳಿದರೆ ನಕಲು ಮಾಡುವುದಕ್ಕೆ ಜಾಗವೇ ಇಲ್ಲ, ಮೂಲ ಅಲ್ಲೇ ಪಕ್ಕದಲ್ಲಿ ಕೂತಿರುತ್ತದೆ. ಲಿಂಕ್ ಕೊಡುವುದು, ಇನ್ನೊಬ್ಬರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು, ಯಾರ ಮಾತು ಯಾರದೆಂದು ಹೇಳುವುದು ಎಲ್ಲವೂ ಬೇರೆ ಪಾಠವಿಲ್ಲದೆ ಬಂದುಬಿಡುತ್ತದೆ.

ಸಬ್‌ಸ್ಕ್ರೈಬರ್ ಪಾತ್ರದ ಉಪಯೋಗ ಇಲ್ಲಿ ಬಂತು. ಹಳೆಯ ಪೋಸ್ಟಿಗೆ ಹೊಸಬನೊಬ್ಬ ಕಾಮೆಂಟ್ ಹಾಕಿದಾಗ ಬರೆದವಳ ಇಮೇಲಿಗೆ ಸೂಚನೆ ಹೋಗುತ್ತದೆ. ಕಾಲೇಜು ಸೇರಿದ್ದ ಹುಡುಗಿಯೊಬ್ಬಳು ಹೀಗೆ ಬಂದಳು. ಅಜ್ಜಿಯರು ಹೇಳುವ ಕಥೆಗಳಲ್ಲಿ ಹೆಣ್ಣುಮಕ್ಕಳು ಯಾವಾಗಲೂ ಕಾಯುತ್ತಲೇ ಇರುತ್ತಾರೆ ಎಂದು ಎಂಟನೇ ತರಗತಿಯಲ್ಲಿ ಬರೆದಿದ್ದವಳು. ಹೊಸ ಹುಡುಗ, ಅವನ ಅಜ್ಜಿ ಹೇಳಿದ ಕಥೆಯಲ್ಲಿ ರಾಜಕುಮಾರಿಯೇ ಕುದುರೆ ಏರಿ ಹೋಗುತ್ತಾಳೆ ಎಂದು ಸಾಕ್ಷಿ ಕೊಟ್ಟಿದ್ದ. ಅವಳು ಕೆಳಗೆ ಬರೆದಳು: “ಹೌದಲ್ಲೋ ತಮ್ಮ, ನಾನು ನನ್ನ ಅಜ್ಜಿಯ ನಾಲ್ಕು ಕಥೆ ಕೇಳಿ ಎಲ್ಲ ಅಜ್ಜಿಯರ ಪರವಾಗಿ ಬರೆದುಬಿಟ್ಟಿದ್ದೆ. ನಿನ್ನ ಅಜ್ಜಿಯ ಕಥೆ ಪೂರ್ತಿ ಹಾಕು.” ಅವನು ಹಾಕಿದ. ಅದು ಯಾವ ಹೋಮ್‌ವರ್ಕಿನ ಭಾಗವೂ ಆಗಿರಲಿಲ್ಲ, ಅಂಕವೂ ಇರಲಿಲ್ಲ. ಅಂಕದ ಮಾತು ಬಂತಲ್ಲ, ಬ್ಲಾಗಿಗೆ ನಾನು ಅಂಕ ಕೊಡುವುದು ಮಗುವೇ ಆರಿಸಿ ತೋರಿಸುವ ಕೆಲವು ಬರಹಗಳಿಗೆ ಮಾತ್ರ.

ರಜೆ ಬಂತೆಂದರೆ ಸ್ಪ್ಯಾಮ್ ಬರುತ್ತದೆ. ಯಾರೂ ನೋಡದ ಬ್ಲಾಗಿನ ಕೆಳಗೆ ಔಷಧಿ, ಸಾಲ, ಕೈಗಡಿಯಾರಗಳ ಜಾಹೀರಾತು. ಸ್ಪ್ಯಾಮ್ ಸೋಸುವ ಅಕಿಸ್ಮೆಟ್ ಎಂಬ ಪ್ಲಗಿನ್ ಹೆಚ್ಚಿನದನ್ನು ಹಿಡಿಯುತ್ತದೆ. ಅದಕ್ಕಿಂತ ಸರಳವಾದದ್ದು ಹಳೆಯ ಪೋಸ್ಟುಗಳಿಗೆ ಕಾಮೆಂಟ್ ತಾನಾಗಿ ಮುಚ್ಚುವ ಸೆಟ್ಟಿಂಗ್. ವರ್ಡ್‌ಪ್ರೆಸ್ ಅದಕ್ಕೆ 14 ದಿನ ಎಂದು ತಾನೇ ಸೂಚಿಸುತ್ತದೆ. ರಜೆಗೆ ಮುಂಚೆ ಇದನ್ನು ಹಾಕಿ, ಮರಳಿ ಬಂದ ಮೇಲೆ ತೆಗೆಯುತ್ತೇನೆ. ತೆಗೆಯದಿದ್ದರೆ ಮೇಲೆ ಹೇಳಿದ ಅಜ್ಜಿ ಕಥೆಯಂಥವು ನಡೆಯುವುದಿಲ್ಲ.

ವರ್ಷಾಂತ್ಯದ ಪ್ರತಿ ಕೊಡುವ ಕೆಲಸದಲ್ಲಿ ಕ್ರಮ ಮುಖ್ಯ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಕೊಡುವ, ಕಂಪ್ಯೂಟರ್ ಓದುವ ಗುರುತುಗಳಿಂದ ತುಂಬಿದ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ, ಕಾಮೆಂಟ್, ವರ್ಗ, ಟ್ಯಾಗ್ ಎಲ್ಲ ಇರುತ್ತವೆ, ಚಿತ್ರಗಳು ಇರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಹೊಸ ಜಾಗದಲ್ಲಿ ಇಂಪೋರ್ಟ್ ಮಾಡುವಾಗ ಚಿತ್ರಗಳನ್ನೂ ಇಳಿಸಿಕೋ ಎಂಬ ಗುರುತು ಹಾಕಿದರೆ ಅದು ಹಳೆಯ ಬ್ಲಾಗಿಗೆ ಹೋಗಿ ತರುತ್ತದೆ. ಹಳೆಯದನ್ನು ಮೊದಲೇ ಅಳಿಸಿಬಿಟ್ಟರೆ ತರುವುದಕ್ಕೆ ಏನೂ ಇರುವುದಿಲ್ಲ. ಎಕ್ಸ್‌ಪೋರ್ಟ್, ಇಂಪೋರ್ಟ್, ಚಿತ್ರಗಳನ್ನು ಕಣ್ಣಾರೆ ನೋಡುವುದು, ಆಮೇಲೆ ಅಳಿಸುವುದು. ಬ್ಲಾಗ್ ಮುಂದುವರಿಸುವ ಮನಸ್ಸಿಲ್ಲದ ಮಕ್ಕಳಿಗೆ ಈ ಫೈಲಿನಿಂದ ಪ್ರಯೋಜನವಿಲ್ಲ. ಒಬ್ಬ ಅದನ್ನು ತೆರೆದು ನೋಡಿ “ಮಿಸ್, ನನ್ನ ಬ್ಲಾಗಿಗೆ ವೈರಸ್ ಬಂದಿದೆ” ಎಂದು ಓಡಿಬಂದ. ಅಂಥವರಿಗೆ ಪಿಡಿಎಫ್ ಮಾಡಿಕೊಡುತ್ತೇನೆ, ತಿದ್ದಿದ ನೋಟ್‌ಬುಕ್ಕನ್ನು ವಾಪಸ್ ಕೊಡುವ ಹಾಗೆ.

ಅಳಿಸಿ ಎಂದು ಕೇಳಿಕೊಂಡು ಬರುವವರು ವರ್ಷಾಂತ್ಯದಲ್ಲೇ ಬರಬೇಕೆಂದಿಲ್ಲ. “ಮಿಸ್, ನನ್ನ ಎಂಟನೇ ಕ್ಲಾಸಿನ ಪೋಸ್ಟ್ ಎಲ್ಲ ತೆಗೀರಿ, ಓದಿದ್ರೆ ಮುಜುಗರ ಆಗುತ್ತೆ” ಎಂದು ಹತ್ತನೇ ತರಗತಿಯ ಹುಡುಗಿ ಕೇಳಿದಾಗ “ಚೆನ್ನಾಗಿದೆಯಲ್ಲ, ಇರಲಿ ಬಿಡು” ಅನ್ನುವುದು ಶಿಕ್ಷಕರ ನಾಲಿಗೆಗೆ ಸಹಜವಾಗಿ ಬರುವ ಮಾತು. ನಾನು ಹಾಗೆ ಹೇಳುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಬರೆದವಳು ಅವಳು. ಅವತ್ತೇ ಪೋಸ್ಟುಗಳನ್ನು ಪ್ರೈವೇಟ್ ಮಾಡುತ್ತೇನೆ, ಕಸದಬುಟ್ಟಿಗೆ ಹಾಕುವುದಿಲ್ಲ. ವರ್ಡ್‌ಪ್ರೆಸ್‌ನ ಬುಟ್ಟಿಗೆ ಹಾಕಿದ್ದು 30 ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ. ಮನಸ್ಸು ಬದಲಾಯಿಸುವುದಕ್ಕೆ ಹತ್ತನೇ ತರಗತಿಯವರಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಮುಂದಿನ ಟರ್ಮಿನಲ್ಲಿ ಮತ್ತೊಮ್ಮೆ ಕೇಳಿ, ಆಗಲೂ ಬೇಡವೆಂದರೆ ಪೂರ್ತಿ ಅಳಿಸುತ್ತೇನೆ. ಇಷ್ಟಾದರೂ ಜಾಲಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಂಥ ಕಡೆ ಹಳೆಯ ಪ್ರತಿ ಉಳಿದಿರಬಹುದು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಈ ಮಾತನ್ನು ಈಗ ವರ್ಷದ ಮೊದಲ ತರಗತಿಯಲ್ಲೇ ಹೇಳುವುದು ರೂಢಿ.

ಶಿಕ್ಷಕರೂ ಬದಲಾಗುತ್ತಾರೆ ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಬ್ಬರ ಇಮೇಲಿನ ಮೇಲೆ ನಿಂತ ಬ್ಲಾಗುಗಳು ಅವರು ಶಾಲೆ ಬಿಟ್ಟ ದಿನ ಅನಾಥ. ನಮ್ಮಲ್ಲಿ ಪ್ರತಿ ಬ್ಯಾಚಿಗೆ ಎರಡನೆಯ ಅಡ್ಮಿನ್ ಆಗಿ ಇನ್ನೊಬ್ಬ ಶಿಕ್ಷಕರಿರುತ್ತಾರೆ. ಶಾಲೆ ಕೊಟ್ಟ ಇಮೇಲಿನಲ್ಲಿ ಬ್ಲಾಗ್ ತೆರೆದಿದ್ದರೆ ಇನ್ನೂ ಎಚ್ಚರ ಬೇಕು: ಮಗು ಶಾಲೆ ಬಿಟ್ಟ ಮೇಲೆ ಆ ಖಾತೆ ಅಳಿಯುತ್ತದೆ, ಸಂಸ್ಥೆಗಳಿಗೆ ಇಮೇಲ್ ಕೊಡುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಾದರೆ ಅಳಿಸಿದ ಖಾತೆಯನ್ನು ಮರಳಿ ಪಡೆಯಲು ಇರುವುದು 20 ದಿನ.

ಈಗ ಕೈಯಲ್ಲಿರುವ ಕೆಲಸ ಹದಿನೆಂಟು ದಾಟಿದವರ ಬ್ಲಾಗುಗಳಿಂದ ನನ್ನ ಹೆಸರು ತೆಗೆಯುವುದು. ಮೊದಲ ಬ್ಯಾಚುಗಳವರೆಲ್ಲ ದೊಡ್ಡವರಾಗಿದ್ದಾರೆ, ಅವರ ಬರಹಕ್ಕೆ ನಾನು ಅಡ್ಮಿನ್ ಆಗಿ ಕೂರುವುದು ಸರಿಯಲ್ಲ. ಮೊದಲು ಅವರ ಸ್ವಂತ ಇಮೇಲ್ ಹಾಕಿಸಬೇಕು, ಹೊಸ ವಿಳಾಸಕ್ಕೆ ಹೋದ ಖಚಿತಪಡಿಸುವ ಲಿಂಕನ್ನು ಅವರು ಒತ್ತಬೇಕು, ಅವರನ್ನು ಅಡ್ಮಿನ್ ಮಾಡಬೇಕು, ಅವರು ಒಮ್ಮೆ ಒಳಗೆ ಬಂದು ಹೋದದ್ದನ್ನು ನೋಡಿದ ಮೇಲೆ ನಾನು ಹೊರಗೆ ಬರಬೇಕು. ಎಲ್ಲರಿಗೂ ಪತ್ರ ಬರೆದಿದ್ದೇನೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಥರ: “ಖಂಡಿತ ಮಿಸ್. ಆದರೆ ಪಾಸ್‌ವರ್ಡ್ ಮರೆತುಹೋಗಿದೆ, ಒಂದು ಸಲ ನೀವೇ ರೀಸೆಟ್ ಮಾಡಿಕೊಡ್ತೀರಾ?”